ಅಜ್ಜಿಯ ತುಟಿಯಂಚು

ಕಲೂರಿನ ನಮ್ಮ ಬಾಡಿಗೆ ಮನೆಗೆ ಇಂಕ್‌ಜೆಟ್ ಪ್ರಿಂಟರ್ ಬಂದ ವರ್ಷ ನನಗೆ ಹುಚ್ಚೇ ಹಿಡಿದಿತ್ತು. ಬ್ಯಾಂಕಿನಿಂದ ಬಂದವಳೇ ಚಪ್ಪಲಿ ಬಿಟ್ಟು ನೇರ ಅದರ ಮುಂದೆ ಕೂರುತ್ತಿದ್ದೆ. ಪಕ್ಕದಲ್ಲಿ ಅಮ್ಮ ಕಾಫಿ ಲೋಟ ಹಿಡಿದು, "ಇವತ್ತಾದ್ರೂ ಕಾಣ್ಸುತ್ತಾ?" ಎನ್ನುತ್ತಿದ್ದಳು.

ಕಾಣಬೇಕಾಗಿದ್ದದ್ದು ಅವಳ ತಾಯಿಯ ಬಾಯಿ. ಅಮ್ಮ ಹುಟ್ಟಿದ ಕೆಲವೇ ತಿಂಗಳಿಗೆ ಅಜ್ಜಿ ತೀರಿಕೊಂಡಿದ್ದಳು. ಉಳಿದದ್ದು ಬೆಂಕಿಪೊಟ್ಟಣದಷ್ಟಗಲದ ಒಂದೇ ಒಂದು ಕಪ್ಪುಬಿಳುಪು ಫೋಟೋ, ಅದರಲ್ಲಿ ತುಟಿಯಿರಬೇಕಾದ ಕಡೆ ಒಂದು ಕಪ್ಪು ಗೆರೆ. ಅಮ್ಮನೋ ಮದುವೆ ಮಂತ್ರದ ನಡುವೆ, ಸಾವಿನ ಮನೆಯಲ್ಲಿ, ಎಲ್ಲೆಂದರಲ್ಲಿ ಕಿಸಕ್ಕೆನ್ನುವವಳು. ಅವಳನ್ನು ಸಾಕಿದ್ದು ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ. "ನಿಮ್ಮಮ್ಮ ಒಂದಿನಾನೂ ಹಲ್ಲು ಬಿಟ್ಟವಳಲ್ಲ, ನಿಂಗೆಲ್ಲಿಂದ ಬಂತು ಈ ಬುದ್ಧಿ?" ಎಂದು ಬೈದು ಬೈದೇ ಬೆಳೆಸಿದ್ದಳು. ಅರವತ್ತು ದಾಟಿದರೂ ಅಮ್ಮನಿಗೆ ಆ ಮಾತು ಚುಚ್ಚುತ್ತಿತ್ತು. ಹೆತ್ತವಳನ್ನು ತಾನು ಒಂದಿಷ್ಟಾದರೂ ಹೋಲುತ್ತೇನೋ ಇಲ್ಲವೋ, ಅವಳಿಗೆ ತಿಳಿಯಬೇಕಿತ್ತು.

ತಿರುವನಂತಪುರದಲ್ಲಿದ್ದ ಅಕ್ಕನ ಗಂಡ, ಬಾಹ್ಯಾಕಾಶ ವಿಜ್ಞಾನಿ, ಅಂಥದೇ ಪ್ರಿಂಟರ್ ಕೊಂಡಿದ್ದರು. ಹಿಗ್ಗಿಸಿ ಸ್ಕ್ಯಾನ್ ಮಾಡಿಸಿದ ಫೋಟೋದ ಫ್ಲಾಪಿ ಇಬ್ಬರಲ್ಲೂ ಇತ್ತು, ಸರಿ, ಪಂದ್ಯ ಶುರುವಾಯಿತು: ಪ್ರಿಂಟು ಅಂಚೆಯಲ್ಲಿ, ಕೀಟಲೆ ಫೋನಿನಲ್ಲಿ. ನಾನು ಕಪ್ಪು ಶಾಯಿಯೊಂದನ್ನೇ ಬಳಸುವ ಪಕ್ಷ. ಭಾವನದು ಎಲ್ಲ ಬಣ್ಣ ಬೆರೆಸಿ ಬೂದು ಬರಿಸುವ ಪಕ್ಷ. ನನ್ನ ಪ್ರಿಂಟಿನಲ್ಲಿ ಗೆರೆ ಚೂಪು, ಆದರೆ ಕೆನ್ನೆ ತುಂಬ ರವೆ ಚೆಲ್ಲಿದಂತೆ ಚುಕ್ಕಿ. ಅವರದರಲ್ಲಿ ಕೆನ್ನೆ ನುಣುಪು, ಆದರೆ ತುಟಿಯಂಚು ಕದಡಿ, ಅಜ್ಜಿ ಒಂದಿಷ್ಟು ಹಸಿರಾಗಿದ್ದಳು.

"ಏನ್ ಮೇಡಮ್ಮೋರೆ, ನಿಮ್ಮಜ್ಜಿಗೆ ಸಿಡುಬು ಎದ್ದಿದೆಯಲ್ಲ!"

"ನಿಮ್ಮ ಅಜ್ಜಿ ಪಾಚಿ ಕಟ್ಟಿದಾಳೆ ಭಾವ, ಮೊದಲು ತೊಳೀರಿ!"

ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ರೈಲು ಹತ್ತಿದೆ. ಚೀಲದಲ್ಲಿ ನನ್ನ ಭೂತಗನ್ನಡಿ. ಚೆಕ್ಕಿನ ಸಹಿ ಅಸಲಿಯೋ ನಕಲಿಯೋ ನೋಡಿ ನೋಡಿ ನನ್ನ ಕಣ್ಣು ಪಳಗಿತ್ತು. ಭಾವ ವಿಶೇಷ ಲೇಪನದ ಕಾಗದ ತರಿಸಿಟ್ಟಿದ್ದರು. ಶಾಯಿ ಬಿದ್ದಲ್ಲೇ ನಿಲ್ಲುತ್ತದೆ, ಹರಡುವುದಿಲ್ಲ ಎಂದು ಪುಟ್ಟ ಉಪನ್ಯಾಸವನ್ನೂ ಕೊಟ್ಟರು. ಪ್ರಿಂಟರ್ ಗೊರಗೊರ ಎಂದು ಹಾಳೆ ಹೊರಹಾಕಿತು. ಶಾಯಿ ಧಾರಾಳವಾಗಿ ಹರಡಿತ್ತು. ಅಕ್ಕನ ಮಗಳು ಇಣುಕಿ, "ಅಯ್ಯೋ, ಅಮ್ಮೂಮ್ಮಕ್ಕು ಮೀಶ!" ಎಂದು ಕಿರುಚಿದಳು.

ನಿಜವಾಗಿಯೂ ಅಜ್ಜಿಗೆ ಮೀಸೆ! ಅಮ್ಮ ನಗುತ್ತ ನೆಲಕ್ಕೇ ಕೂತುಬಿಟ್ಟಳು. ಭಾವ ಹವೆಯ ತೇವವನ್ನು ದೂರಿ ಫ್ಯಾನ್ ಹಾಕಿದರು. ಎರಡನೆಯ ಹಾಳೆಯಲ್ಲಿ ಗಡ್ಡವೂ ಬಂತು.

ಟ್ರೇ ಸರಿಪಡಿಸಲು ನನ್ನ ಎರಡೂ ಕೈ ಬೇಕಾಗಿ, ಮುಂದಿನ ಹಾಳೆಯನ್ನು ತುಟಿಗಳ ನಡುವೆ ಕಚ್ಚಿಕೊಂಡೆ. ತೆಗೆಯಹೋದರೆ ಕೆಳತುಟಿ ಬಿಟ್ಟಿತು, ಮೇಲ್ತುಟಿ ಬಿಡಲಿಲ್ಲ. ಒದ್ದೆಗೆ ಅಂಟುವ ಲೇಪನ ಇದ್ದದ್ದು ಆ ಬದಿಗೆ, ಶಾಯಿ ಬೀಳುತ್ತಿದ್ದದ್ದು ಇನ್ನೊಂದು ಬದಿಗೆ. ರಾಕೆಟ್ಟಿನ ಲೆಕ್ಕ ಹಾಕುವ ಮನುಷ್ಯ ಕಾಗದವನ್ನು ತಿರುಗುಮುರುಗಾಗಿ ತುಂಬಿದ್ದರು! ಕುಣಿದಾಡಿಬಿಟ್ಟೆ. ಗೆದ್ದವಳ ಹಕ್ಕೆಂದು ಕಪ್ಪು ಶಾಯಿಯೊಂದರಲ್ಲೇ, ಅತಿ ನಿಧಾನದ ಗತಿಯಲ್ಲಿ ಪ್ರಿಂಟ್ ಹಾಕಿಸಿದೆ.

ಈ ಸಲ ಚುಕ್ಕಿಗಳು ಬರಿಗಣ್ಣಿಗೆ ಕಾಣಲೇ ಇಲ್ಲ. ಗೆರೆಯಂತಿದ್ದದ್ದು ಬಿಡಿಸಿಕೊಂಡು ಎರಡು ತುಟಿಯಾಗಿತ್ತು. ಅಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.

"ಕೆಳತುಟಿ ಹಲ್ಲಲ್ಲಿ ಕಚ್ಕೊಂಡಿದಾಳೆ ಕಣೇ. ಕೆನ್ನೆ ನೋಡು, ಉಬ್ಬಿದೆ. ನಗು ತಡ್ಕೊಂಡಿದಾಳೆ!"

ತಕ್ಷಣ ಮೈಸೂರಿಗೆ ಫೋನು ಹಚ್ಚಿಸಿದಳು. ಕಿವಿ ಮಂದವಾಗಿದ್ದ ಚಿಕ್ಕಜ್ಜಿ ಕೂಗಿಯೇ ಮಾತಾಡುವವಳು, ಹಾಗಾಗಿ ನಮಗೆಲ್ಲ ಕೇಳಿಸಿತು.

"ನಗದೆ ಏನ್ಮಾಡ್ತಾಳೆ? ಫೋಟೋದವನು ಕರಿ ಬಟ್ಟೆ ಒಳಗೆ ಸೀನಿದ. ನಾನೂ ಅಲ್ಲೇ ಇದ್ದೆ."

"ಮತ್ತೆ ಹಲ್ಲೇ ಬಿಟ್ಟವಳಲ್ಲ ಅಂತಿದ್ಯಲ್ಲ ಚಿಕ್ಕಮ್ಮ?"



"ನೀನು ನಕ್ಕರೆ ಅಕ್ಕನೇ ಒಳಗಿಂದ ಎದ್ದು ಬಂದ್ಲೇನೋ ಅನ್ಸೋದು ಕಣೇ. ತಡ್ಕೊಳಕ್ಕಾಗ್ತಿರಲಿಲ್ಲ. ಅದಕ್ಕೇ ಬೈತಿದ್ದೆ."

ಅಮ್ಮ ಏನೋ ಹೇಳಲು ಬಾಯಿ ತೆರೆದಳು, ಬಂದದ್ದು ನಗು. ನನಗೆ ಅಳು ಬಂತು. ಫೋನಿನ ಆ ತುದಿಯಿಂದ ಚಿಕ್ಕಜ್ಜಿ, "ಇನ್ನೊಂದ್ಸಲ ನಗೇ" ಎಂದು ಕೂಗುತ್ತಿದ್ದಳು.