ಅಮ್ಮನಿಗೆ ಕಾರು ಕಲಿಸಿದ ಪೈಲಟ್ ಮಾಮ

ತೊಂಬತ್ತರ ದಶಕದಲ್ಲಿ ಮೈಸೂರಿನ ನಜರ್‌ಬಾದಿನ ನಮ್ಮ ಬೀದಿಯಲ್ಲಿ ಬೇಸಿಗೆ ರಜೆ ಬಂತೆಂದರೆ ಹುಡುಗಿಯರಿಗೆ ಕುಂಟೆಬಿಲ್ಲೆ, ಹುಡುಗರಿಗೆ ಬುಗುರಿ, ಅಮ್ಮಂದಿರಿಗೆ ಹಪ್ಪಳ. ನಮ್ಮ ಮನೆಗೆ ಮಾತ್ರ ರಜೆ ಎಂಬುದಿರಲಿಲ್ಲ. ಬೆಳಕು ಹರಿಯುವ ಮೊದಲೇ ಒಗ್ಗರಣೆಯ ಘಾಟು ಮೂಗಿಗೆ ಬಡಿದು ಎಚ್ಚರವಾಗುತ್ತಿತ್ತು. ಅಮ್ಮ ಮೇಟಗಳ್ಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಬೆಳಗಿನ ತಿಂಡಿ ಮಾಡುತ್ತಿದ್ದಳು. ಉಪ್ಪಿಟ್ಟು, ಚಿತ್ರಾನ್ನ, ಶನಿವಾರ ಇಡ್ಲಿ. ಅಪ್ಪ ಹಳೇ ವ್ಯಾನಿನಲ್ಲಿ ಡಬರಿಗಳನ್ನು ತುಂಬಿಕೊಂಡು ಹೋಗಿ ಕೊಟ್ಟು ಬರುತ್ತಿದ್ದರು.

ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪನ ದೃಷ್ಟಿ ಮಂದವಾಯಿತು. ಇನ್ನು ಗಾಡಿ ಮುಟ್ಟಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಬಾಡಿಗೆಗೆ ಕರೆಸಿದ ಡ್ರೈವರು ಒಂದು ದಿನ ಬಂದರೆ ಇನ್ನೊಂದು ದಿನ ನಾಪತ್ತೆ. ಎರಡು ಸಲ ತಿಂಡಿ ತಡವಾಗಿ ಹೋಗಿ, ಮತ್ತೊಮ್ಮೆ ಹೀಗಾದರೆ ಬೇರೆಯವರಿಗೆ ಕೊಡುತ್ತೇವೆಂದು ಕ್ಯಾಂಟೀನಿನವರು ಖಡಾಖಂಡಿತವಾಗಿ ಹೇಳಿದರು. ಅಷ್ಟರಲ್ಲಿ ಡ್ರೈವರು ಮುಂದಿನ ತಿಂಗಳ ಕೊನೆಗೆ ಬಿಡುತ್ತೇನೆಂದ. ಅಮ್ಮ ಸೌಟು ಕೆಳಗಿಟ್ಟು, "ನಾನೇ ಕಲೀತೀನಿ ಬುಡಿ," ಅಂದಳು. ಅಪ್ಪ ನಗಲಿಲ್ಲ. ನಗುವ ಪರಿಸ್ಥಿತಿಯೂ ಇರಲಿಲ್ಲ.

ಸಿದ್ಧಾರ್ಥನಗರದಲ್ಲಿ ಒಬ್ಬರು ಡ್ರೈವಿಂಗ್ ಶಾಲೆ ನಡೆಸುತ್ತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದವರು. ವಾಯುಪಡೆ ಬಿಟ್ಟ ಮೇಲೆ, ಬೆನ್ನಿಗೆ ಬಿದ್ದ ಪೆಟ್ಟಿನಿಂದಾಗಿ ಪ್ರಯಾಣಿಕರ ವಿಮಾನ ಓಡಿಸುವ ಕೆಲಸ ಸಿಗಲಿಲ್ಲವಂತೆ. ಅದಕ್ಕಾಗಿ ಕೊರಗುತ್ತಾ ಕೂರುವ ಬದಲು ಒಂದು ಹಳೇ ಕಾರು ಕೊಂಡು, ಮನೆ ಮುಂದೆ ಬೋರ್ಡು ಹಾಕಿದರು. ತಾತ ಮುತ್ತಾತ ಅರಮನೆಯಲ್ಲಿ ಕೆಲಸ ಮಾಡಿದ ಮನೆತನ. ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಬಿಳಿ ಮೀಸೆ. ಎಲ್ಲರಿಗೂ ಅವರು ಪೈಲಟ್ ಮಾಮ.

ಅಮ್ಮನ ಜೊತೆ ನಾನೂ ಹೋದೆ. ಹನ್ನೆರಡರ ವಯಸ್ಸಿಗೇ ಚೌಕಾಸಿ ನನ್ನ ನಾಲಿಗೆಯಲ್ಲಿತ್ತು. ಒಂದು ವಾರದಲ್ಲಿ ಕಲಿಸಿಬಿಡಿ ಮಾಮ, ಅವಸರ ಇದೆ ಎಂದೆ. ಅವರು ನನ್ನನ್ನು ದೊಡ್ಡವಳಂತೆಯೇ ನೋಡಿ ಕೇಳಿದರು: "ನಿಮ್ಮಮ್ಮನಿಗೆ ಬೇಕಾಗಿರೋದು ಲೈಸೆನ್ಸೋ, ಗಾಡಿ ಓಡ್ಸೋದೋ? ಮೊದಲು ಅದನ್ನ ಹೇಳು."

ಓದುವವರಿಗೆ ಇಲ್ಲೇ ಒಂದು ಮಾತು ಹೇಳುತ್ತೇನೆ: ಏನನ್ನೇ ಆಗಲಿ ಬೇಗ ಕಲಿಸಿಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ.

ಮೊದಲ ಮೂರು ದಿನ ಅಮ್ಮನನ್ನು ಅವರು ಸೀಟಿನಲ್ಲಿ ಕೂರಿಸಲೇ ಇಲ್ಲ. ಕಾರಿನ ಸುತ್ತ ನಡೆಸಿದರು. ಪ್ರತಿ ಚಕ್ರದ ಹತ್ತಿರ ಬಗ್ಗಿ ಕೈಯಿಂದ ಮುಟ್ಟಬೇಕು, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ವಿಮಾನ ಹತ್ತುವ ಮೊದಲು ಅವರು ಹಾಗೇ ಮಾಡುತ್ತಿದ್ದರಂತೆ. ಸುದ್ದಿ ತಿಳಿದ ನಮ್ಮ ಬೀದಿಯವರಿಗೆ ಇದೊಂದು ತಮಾಷೆಯಾಯಿತು. ಎದುರುಮನೆ ಪಾರ್ವತಮ್ಮ, "ಏನ್ ಕಣಮ್ಮ, ಕಾರಿಗೆ ಪ್ರದಕ್ಷಿಣೆ ಆಯ್ತಾ? ಮಂಗಳಾರತಿ ಯಾವಾಗ?" ಅಂತ ಕೇಳಿದರು. ಅಮ್ಮ ತಲೆಕೆಡಿಸಿಕೊಳ್ಳಲಿಲ್ಲ. ಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಎರಡು ಮಣೆಗಳನ್ನು ಕಾಲಡಿ ಇಟ್ಟುಕೊಂಡು ಕ್ಲಚ್ಚು, ಬ್ರೇಕು ಎಂದು ಒತ್ತುತ್ತಿದ್ದಳು.

ಯುದ್ಧದ ಕಥೆ ಹೇಳಿ ಎಂದು ನಾವು ಪೀಡಿಸಿದರೆ ಮಾಮ ಹೇಳುತ್ತಿದ್ದದ್ದು ಒಂದೇ. ಏಟು ತಿಂದ ವಿಮಾನವನ್ನು ಹೇಗೋ ನಮ್ಮ ಗಡಿಯೊಳಗೆ ತಂದು, ಪ್ಯಾರಾಚೂಟಿನಲ್ಲಿ ಹೊರಗೆ ಹಾರಿದರಂತೆ. ಬಿದ್ದದ್ದು ಗೋಧಿ ಹೊಲದಲ್ಲಿ. ಹಳ್ಳಿಯವರು ದೊಣ್ಣೆ ಹಿಡಿದು ಓಡಿ ಬಂದರು. "ನಾನು ನಿಮ್ಮೋನೇ ಅಂತ ಹಿಂದೀಲಿ ಹೇಳ್ದೆ. ನನ್ನ ಮೈಸೂರು ಹಿಂದಿ ಕೇಳಿ ಅವರಿಗೆ ಅನುಮಾನ ಜಾಸ್ತಿ ಆಯ್ತು," ಎಂದು ತಾವೇ ನಗುತ್ತಿದ್ದರು. ಬೆನ್ನು ಮುರಿದದ್ದು ಆಗಲೇ ಎಂಬುದನ್ನು ಹೇಳುತ್ತಿದ್ದವರು ಅವರ ಹೆಂಡತಿ.

ಪರೀಕ್ಷೆಯ ದಿನ ಬಂತು. ತಿಂಗಳು ಮುಗಿದು ಡ್ರೈವರು ಬಿಡಲು ಎರಡೇ ದಿನ ಉಳಿದಿತ್ತು. ಮೈದಾನದಲ್ಲಿ ಸಾಲು ನಿಂತು ನಿಂತು, ಕೊನೆಗೆ ಉಳಿದವಳು ಅಮ್ಮ. ಇನ್ಸ್‌ಪೆಕ್ಟರ್ ಹತ್ತಮ್ಮ ಎಂದರೂ ಅವಳು ಹತ್ತಲಿಲ್ಲ. ಸೆರಗು ಸಿಕ್ಕಿಸಿ ಮಾಮನ ಕಾರನ್ನು ಸುತ್ತತೊಡಗಿದಳು. ನಿಂತವರು ಕಿಸಕ್ಕೆಂದರು. ಹಿಂದಿನ ಎಡಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕೈ ಒಳಗೆ ಹಾಕಿದವಳು ತಟ್ಟನೆ ಹೊರಗೆಳೆದಳು. ಬೆರಳು ಒದ್ದೆಯಾಗಿತ್ತು. ಮೂಸಿ ನೋಡಿದಳು.

"ಬ್ರೇಕ್ ಆಯಿಲ್ ಸೋರ್ತಾ ಐತೆ."

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ. ಸುಮ್ಮನೆ ಒಂದು ಸುತ್ತು ಹೊಡಿಯಮ್ಮ, ಮೈದಾನ ತಾನೇ, ಯಾರಿಗೂ ಏನೂ ಆಗಲ್ಲ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. ಬೇರೆ ಶಾಲೆಗಳ ಕಾರುಗಳೆಲ್ಲ ಆಗಲೇ ಹೊರಟುಹೋಗಿದ್ದವು. ಅಮ್ಮ ಒಮ್ಮೆ ನನ್ನನ್ನು, ಒಮ್ಮೆ ಆ ಬೆರಳನ್ನು ನೋಡಿದಳು. ಆಮೇಲೆ, "ನಾನು ಓಡ್ಸಲ್ಲ ಸಾರ್," ಅಂದಳು.

ಬೇಲಿಯ ಆಚೆ ನಿಂತಿದ್ದ ಪೈಲಟ್ ಮಾಮ ಆಗ ಒಳಗೆ ಬಂದರು. ಅಷ್ಟೂ ಜನರ ಮುಂದೆ ಹೇಳಿದರು: "ಆಕೆ ಹೇಳೋದು ಸರಿ. ಬೆಳಿಗ್ಗೆ ನಾನು ಆ ಚಕ್ರದ ಹತ್ರ ಬಗ್ಗಲಿಲ್ಲ. ಬೆನ್ನು ನೋಯ್ತಿತ್ತು, ಬಿಟ್ಬಿಟ್ಟೆ. ತಪ್ಪು ನಂದು."

ಇನ್ಸ್‌ಪೆಕ್ಟರ್ ಒಳ್ಳೆಯವರೇ. ಆದರೆ ಗಾಡಿಯಿಲ್ಲದೆ ಪರೀಕ್ಷೆ ಹೇಗೆ ಮಾಡಲಿ, ಮುಂದಿನ ತಿಂಗಳು ಬನ್ನಿ ಎಂದರು. ಆಟೋದಲ್ಲಿ ಮನೆಗೆ ಬಂದೆವು. ಕ್ಯಾಂಟೀನಿನ ಕೆಲಸ ಕೈತಪ್ಪಿತೆಂದೇ ನಾವೆಲ್ಲ ಅಂದುಕೊಂಡೆವು.

ಒಂದನೇ ತಾರೀಖು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಅದೇ ಇಸ್ತ್ರಿ ಅಂಗಿ, ಸೊಂಟಕ್ಕೆ ಬಿಗಿದ ಬೆಲ್ಟು. "ವ್ಯಾನಿನ ಕೀ ಕೊಡಿ. ನಿಮ್ಮ ಕೈಗೆ ಲೈಸೆನ್ಸ್ ಬರೋವರೆಗೂ ನಾನು ಬರ್ತೀನಿ." ಅಪ್ಪ ಬೇಡ ಸಾರ್, ನಿಮ್ಮಂಥವರು ಡಬರಿ ಹೊರೋದಾ ಎಂದು ಒದ್ದಾಡಿದರು. ಮಾಮ ಆಗಲೇ ಕೈಚಾಚಿ ನಿಂತಿದ್ದರು.

ನಾನೂ ವ್ಯಾನಿನಲ್ಲಿ ಕೂತು ಹೋದೆ. ಕಾರ್ಖಾನೆಯ ಗೇಟಿನಲ್ಲಿದ್ದ ಕಾವಲುಗಾರ ಹಳೇ ಸೈನಿಕ. ಹೆಸರು ಕೇಳಿ ಗುರುತು ಹಿಡಿದು ಕಟ್ಟುನಿಟ್ಟಾಗಿ ಸೆಲ್ಯೂಟ್ ಹೊಡೆದ. ಮಾಮನ ಎರಡು ಕೈಯಲ್ಲೂ ಬಿಸಿ ಉಪ್ಪಿಟ್ಟಿನ ಡಬರಿ. "ಸೆಲ್ಯೂಟ್ ಆಮೇಲೆ ಕಣಪ್ಪ, ಮೊದಲು ಇದನ್ನ ಹಿಡ್ಕೊ," ಅಂದರು. ಅಮ್ಮನಿಗೆ ಲೈಸೆನ್ಸ್ ಸಿಗುವವರೆಗೂ ತಿಂಡಿ ಒಂದು ದಿನವೂ ತಡವಾಗಲಿಲ್ಲ. ನಾವು ಕೊಟ್ಟದ್ದರಲ್ಲಿ ಅವರು ಮುಟ್ಟಿದ್ದು ದಿನಕ್ಕೆ ಒಂದು ತಟ್ಟೆ ಉಪ್ಪಿಟ್ಟು, ಒಂದು ಲೋಟ ಕಾಫಿ.

ಪೈಲಟ್ ಮಾಮ ಹೋಗಿ ಬಹಳ ವರ್ಷಗಳಾದವು. ಆ ಮನೆಯ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ. ಅಮ್ಮನ ಅಡುಗೆಮನೆಯನ್ನು ನಾನು ಬೆಳೆಸಿದೆ. ಇವತ್ತು ನಮ್ಮ ವ್ಯಾನುಗಳು ಊರಿನ ನಾಲ್ಕೂ ಕಡೆ ಓಡುತ್ತವೆ. ಕೆಲಸ ಕೆಟ್ಟಾಗ ಫೋನು ಮಾಡಿದರೆ ಗ್ಯಾಸಿನವನು ಗೋದಾಮನ್ನು ದೂರುತ್ತಾನೆ, ತರಕಾರಿಯವನು ಮಳೆಯನ್ನು, ಮೆಕ್ಯಾನಿಕ್ಕು ಹುಡುಗರನ್ನು. ನಾಲ್ಕು ಜನರ ಎದುರು ತಪ್ಪು ನನ್ನದು ಎಂದು ಹೇಳಿ, ಅದನ್ನು ಸರಿಮಾಡಲು ಕರೆಯದೆಯೇ ಬಾಗಿಲಿಗೆ ಬಂದು ನಿಂತವರನ್ನು ನಾನು ಮತ್ತೆ ಕಂಡಿಲ್ಲ. ಮೈಸೂರಿನಲ್ಲಿ ಏನು ಬೇಕೆಂದರೂ ಚೌಕಾಸಿ ಮಾಡಿ ತರಬಲ್ಲೆ ಎಂಬ ಧೈರ್ಯ ನನಗಿದೆ. ಅಂಥ ಒಬ್ಬರನ್ನು ಎಲ್ಲಿಂದ ತರಲಿ ಎಂಬುದು ಮಾತ್ರ ಗೊತ್ತಿಲ್ಲ.