ಬಣ್ಣ ಮೆತ್ತಿದ ನಿಪ್ಪಲ್

ಆ ಬಸ್ಸು ಫುಟ್‌ಪಾತ್ ಹತ್ತಿದ್ದು ಡ್ರೈವರ್ ನಿಮಾಯ್ ತಪ್ಪಿನಿಂದಲ್ಲ, ನನ್ನಿಂದ. ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೆ. ಈಗ ಹೇಳುತ್ತಿದ್ದೇನೆ — ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದ ಮೇಲೆ.

ಕೋಲ್ಕತ್ತದ ಒಂದು ಸರ್ಕಾರಿ ಕಚೇರಿಯಲ್ಲಿ ವಾಹನಗಳ ಉಸ್ತುವಾರಿ ನನ್ನದಾಗಿತ್ತು. ಟಾಲಿಗಂಜಿನಿಂದ ನ್ಯೂ ಟೌನಿಗೆ ಸಿಬ್ಬಂದಿಯನ್ನು ಕರೆತರುವ ಕಚೇರಿ ಬಸ್ಸನ್ನು ಓಡಿಸುತ್ತಿದ್ದವನು ನಿಮಾಯ್. ವಿಶ್ವಕರ್ಮ ಪೂಜೆ ಎಂದರೆ ಇಲ್ಲಿ ಗ್ಯಾರೇಜಿಗೇ ದೊಡ್ಡ ಹಬ್ಬ. ಆ ವರ್ಷ ದೊಡ್ಡ ಸಾಹೇಬರು ಪೂಜೆಗೆ ಬರುವವರಿದ್ದರು. ಬಸ್ಸಿನ ಅಡಿಯೂ ಹೊಳೆಯಬೇಕೆಂದು ನಾನೇ ಹಟ ಹಿಡಿದು ಚಾಸಿಗೆ ಎರಡು ಕೋಟು ಕಪ್ಪು ಬಣ್ಣ ಬಳಿಸಿದೆ. ಮುಂದಿನ ಚಕ್ರಗಳು ತಿರುಗುವ ಕೀಲುಗಳಿಗೆ ಗ್ರೀಸ್ ತುಂಬಲು ಪುಟ್ಟ ನಿಪ್ಪಲ್‌ಗಳಿರುತ್ತವೆ. ಅವುಗಳ ಬಾಯಿಯೂ ಬಣ್ಣದಲ್ಲಿ ಮುಚ್ಚಿಹೋಯಿತು.

ಮೊದಲು ನೋಡಿದ್ದು ನಿಮಾಯ್. ಅಣ್ಣ ಎನ್ನುವಂತೆ ನನ್ನನ್ನು ದಾ, ದಾದಾ ಎಂದು ಕರೆಯುತ್ತಿದ್ದ. "ಶೆಟ್ಟಿದಾ, ಗ್ರೀಸ್ ಗನ್ ಒತ್ತಿದ್ರೆ ಒಳಗೆ ಹೋಗದೆ ಎಲ್ಲ ಹೊರಗೇ ಬರ್ತಿದೆ. ಬಣ್ಣ ಕೆರೆದು ನಿಪ್ಪಲ್ ಬದಲಾಯಿಸೋಣ" ಎಂದು ಹಿಂದಿಯಲ್ಲಿ ಹೇಳಿದ. ಪೂಜೆ ಮುಗಿಯಲಿ ಎಂದೆ. ಪೂಜೆ ಮುಗಿಯಿತು, ಸಾಹೇಬರು ಹೊಗಳಿದರು, ಆಮೇಲೆ ನಾನು ಮರೆತೆ — ಅಲ್ಲ, ಮರೆಯಲಿಲ್ಲ. ಸುಳ್ಳೇಕೆ? ಸ್ಟೀರಿಂಗ್ ಬಿಗಿಯಾಗುತ್ತಿದೆ, ತಿರುಗಿಸಿದ ಮೇಲೆ ತಾನಾಗಿ ವಾಪಸು ಬರುತ್ತಿಲ್ಲ ಎಂದು ಅವನು ಮತ್ತೆ ಬಂದಾಗ, ಹೊರಗೆ ಮೆತ್ತಿಕೊಂಡಿದ್ದ ಗ್ರೀಸನ್ನೇ ತೋರಿಸಿ, ಗ್ರೀಸ್ ಇದೆಯಲ್ಲ ಎಂದು ಗದರಿಸಿದೆ. ನನಗೆ ಬುದ್ಧಿ ಹೇಳಲು ಇವನ್ಯಾರು ಎಂಬ ಗರ್ವ. ಗ್ರೀಸ್ ಹೊಡೆಸಲಾಗಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದೆ.

ಕೆಲವು ತಿಂಗಳಲ್ಲಿ ನ್ಯೂ ಟೌನಿನ ತಿರುವೊಂದರಲ್ಲಿ ಚಕ್ರ ತಿರುಗಿದಲ್ಲೇ ಕಚ್ಚಿಕೊಂಡಿತು. ಬಸ್ಸು ಫುಟ್‌ಪಾತ್ ಹತ್ತಿ ಕಂಬಕ್ಕೆ ಬಡಿದು ನಮ್ಮ ಕಚೇರಿಯ ಹೆಂಗಸೊಬ್ಬರ ಕೈ ಮುರಿಯಿತು.

ವಿಚಾರಣೆಗೆ ಬಂದ ಅಧಿಕಾರಿ ಧಾರವಾಡದ ಕಡೆಯವರು. ನಾನು ಉಡುಪಿಯವನೆಂದು ತಿಳಿದದ್ದೇ ಅವರ ಮುಖ ಅರಳಿತು. ಪಕ್ಕದಲ್ಲೇ ನಿಮಾಯ್ ನಿಂತಿದ್ದರೂ ಮಾತು ಕನ್ನಡಕ್ಕೆ ಹೊರಳಿತು.

"ಗ್ರೀಸ್ ಹೊಡಿಸಿದ್ರಿಲ್ರೀ, ಶೆಟ್ರ?"

"ಹೊಡೆಸಿದ್ದೇನೆ ಸರ್. ರಿಜಿಸ್ಟರಿನಲ್ಲಿ ಉಂಟಲ್ಲ."

"ಹಂಗಾದ್ರ ತಪ್ಪು ಇವಂದ ಅನ್ರಿ?"

"ಹೌದು."

ಅಷ್ಟೇ. ಬಸ್ಸಿನ ಅಡಿಗೆ ಒಬ್ಬನೂ ಬಗ್ಗಿ ನೋಡಲಿಲ್ಲ. ಊರು ಬಿಟ್ಟು ಇಷ್ಟು ದೂರ ಬಂದು, ಇಬ್ಬರು ಕನ್ನಡಿಗರು ಸೇರಿ ಮಾಡಿದ ಘನಕಾರ್ಯ ಇದು — ಒಬ್ಬ ಮನುಷ್ಯನ ಎದುರೇ, ಅವನಿಗೆ ತಿಳಿಯದ ಭಾಷೆಯಲ್ಲಿ, ಅವನ ಕೆಲಸ ಕಿತ್ತುಕೊಳ್ಳುವುದು! ಹೊರಗೆ ಬಂದ ಮೇಲೆ ನಿಮಾಯ್ ನನ್ನ ಎರಡೂ ಕೈ ಹಿಡಿದುಕೊಂಡ. "ನನ್ನ ಪರವಾಗಿ ಮಾತಾಡಿದ್ರಿ ದಾದಾ, ನಿಮ್ಮವರೇ ಸಿಕ್ಕಿದ್ದು ನನ್ನ ಪುಣ್ಯ" ಎಂದ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ತಲೆ ಆಡಿಸಿದೆ. ಆ ಸುಳ್ಳು ಸಹಿಗಿಂತ ಹೇಸಿಗೆ ಹುಟ್ಟಿಸುವುದು ಈ ತಲೆಯಾಡಿಸಿದ್ದು.

ಅವನನ್ನು ಸ್ಟೀರಿಂಗಿನಿಂದ ಇಳಿಸಿ ಫೈಲು ಹೊರುವ ಕೆಲಸಕ್ಕೆ ಹಾಕಿದರು. ನನ್ನಿಂದಲೇ ಅಷ್ಟಾದರೂ ಉಳಿಯಿತೆಂದು ಅವನು ನಂಬಿದ್ದಾನೆ. ನಾನು ನಿವೃತ್ತನಾದ ಮೇಲೂ ಪ್ರತಿ ದುರ್ಗಾಪೂಜೆ ಮುಗಿದು ಹಿರಿಯರಿಗೆ ನಮಸ್ಕರಿಸುವ ಬಿಜಯಾ ಬಂದಾಗ ಸಂದೇಶ್ ಮಿಠಾಯಿ ಹಿಡಿದು ಮನೆಗೆ ಬರುತ್ತಾನೆ, ಕಾಲು ಮುಟ್ಟುತ್ತಾನೆ. ನಾನು ಆಶೀರ್ವಾದ ಮಾಡುತ್ತೇನೆ. ಎಂಥ ನಾಚಿಕೆಗೆಟ್ಟ ಜನ್ಮ ನನ್ನದು!

ಈ ವರ್ಷ ಚಹಾ ಕುಡಿಯುತ್ತ ಹೇಳಿದ: "ಗ್ರೀಸ್ ಇರೋದನ್ನ ನೀವೇ ತೋರಿಸಿದ್ರಲ್ಲ, ನನ್ನ ಕೈಯೇ ತಪ್ಪಿರಬೇಕು ದಾದಾ. ಆವತ್ತಿನಿಂದ ಮಗನ ಸ್ಕೂಟರನ್ನೂ ಮುಟ್ಟಿಲ್ಲ. ಇನ್ನೊಬ್ಬರಿಗೆ ಏನಾದ್ರೂ ಆದ್ರೆ?"

ಇಪ್ಪತ್ತೆರಡು ವರ್ಷ ಒಂದು ಗೀರೂ ಬೀಳದಂತೆ ಬಸ್ಸು ಓಡಿಸಿದ ಕೈ ಅದು. ಅದನ್ನು ನಂಬಬಾರದೆಂದು ಅವನಿಗೆ ಕಲಿಸಿದವನು ಎದುರಿಗೇ ಕೂತು ಅವನು ತಂದ ಸಿಹಿ ತಿನ್ನುತ್ತಿದ್ದ.

"ಈಗ ಯಾಕೆ ಮಾರಾಯ್ರೆ, ಎಲ್ಲ ಮುಗಿದದ್ದು" ಎನ್ನುತ್ತಾಳೆ ಹೆಂಡತಿ. ಯಾರಿಗೆ ಮುಗಿದದ್ದು? ಕಚೇರಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಅವರು ಏನು ಬೇಕಾದರೂ ಮಾಡಲಿ. ನಾಳೆ ಬೆಳಿಗ್ಗೆ ಟಾಲಿಗಂಜಿನ ನಿಮಾಯ್ ಮನೆಗೆ ಹೋಗಿ, ಅವನ ಹೆಂಡತಿ ಮಗನನ್ನೂ ಕೂರಿಸಿಕೊಂಡು, ನನ್ನ ಹರಕು ಬಂಗಾಳಿಯಲ್ಲೇ ಒಂದೊಂದು ಮಾತನ್ನೂ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಅವನು ಕ್ಷಮಿಸಿಬಿಡುತ್ತಾನೆ.