ನುಂಗಿ ಹೇಳಬೇಕಾದ ರುಚಿ

ಬುಳಕ್... ಬುಳಕ್... ಬಕೆಟ್ಟಿನ ನೀರಿನೊಳಗಿಂದ ಒಂದೊಂದಾಗಿ ಏಳುತ್ತಿದ್ದ ಗುಳ್ಳೆಗಳ ಆ ಸದ್ದು ಮಧ್ಯಾಹ್ನದ ಜೊಂಪಿನಲ್ಲಿ ಈಗಲೂ ಕೇಳಿಸುತ್ತದೆ. ಕೋವಿಡ್ ಕಳೆದ ಮರುವರ್ಷದ ಮಾತು. ಬಿಸ್ಕತ್ ಕಂಪನಿಯೊಂದರ ಸೆನ್ಸರಿ ಲ್ಯಾಬ್‌ನಲ್ಲಿ, ಅಂದರೆ ರುಚಿ ಮತ್ತು ವಾಸನೆ ಪರೀಕ್ಷಿಸುವ ವಿಭಾಗದಲ್ಲಿ, ಆಯುಷ್ಯ ಸವೆಸಿ ರಿಟೈರ್ ಆಗಿದ್ದೆ. ಬೊರಿವಲಿಯ ಮನೆಯಿಂದಲೇ ಆಗೀಗ ಕನ್ಸಲ್ಟೆಂಟ್ ಅನ್ನಿಸಿಕೊಳ್ಳುತ್ತಿದ್ದೆ.

ಬಕೆಟ್ ಇದ್ದದ್ದು ಜೋಗೇಶ್ವರಿಯ ಒಂದು ಶೆಡ್ಡಿನಲ್ಲಿ. ಹುದುಗುವ ಟ್ಯಾಂಕಿನ ಗಾಳಿ ಪೈಪಿನಲ್ಲಿ ಬಂದು ಆ ನೀರಿನಲ್ಲಿ ಗುಳ್ಳೆಯಾಗುತ್ತಿತ್ತು. ಬೆಳಗಾವಿಯ ಶೈಲಾ ಅಲ್ಲಿ ಪುಟ್ಟ ಬ್ರೂವರಿ ನಡೆಸುತ್ತಿದ್ದಳು. ಜರ್ಮನಿಯಲ್ಲಿ ಕಲಿತು ಬಂದ ಹುಡುಗಿ, ಅಲ್ಲಿಯ ಪದ್ಧತಿಯ ರೈ ಬಿಯರ್ ಮಾಡಿದ್ದಳು. ಬಾರ್ಲಿಯ ಜೊತೆ ಅರ್ಧಕ್ಕರ್ಧ ರೈ ಎಂಬ ಧಾನ್ಯ. ಅದಕ್ಕೆ ಹೊಟ್ಟಿಲ್ಲ, ನೆನೆದರೆ ಗಂಜಿಯ ಹಾಗೆ ಅಂಟುತ್ತದೆ, ಸೋಸುವುದೇ ಪ್ರಾಣಸಂಕಟ.

ಇಡೀ ಟ್ಯಾಂಕಿನ ಬಿಯರನ್ನು ಕೊಳ್ಳುತ್ತೇನೆಂದಿದ್ದವನು ಪರೇಲ್‌ನ ಪಬ್ ಮಾಲೀಕ ಪರಾಗ್, ಹಿಂದಿ ಮಾತಾಡಿದರೂ ಕನ್ನಡ ಬಲ್ಲವನು. ಒಂದು ಗುಟುಕಿಗೇ ಮುಖ ಸಿಂಡರಿಸಿದ್ದ. ತೀರ್ಪು ಹೇಳಲೆಂದು ಕರೆಸಿದ್ದ ನನಗೂ ಅದೇ ಹೇಳಿದ: "ಮ್ಯಾಡಮ್, ಯೇ ಬಿಯರ್ ಹೈ ಯಾ ಗರಂ ಮಸಾಲಾ? ಪೂರಾ ಲವಂಗ!"

"ಲವಂಗ ಹಾಕಿಲ್ಲೋ ಮಾರಾಯಾ, ಯೀಸ್ಟಿಂದು ಆ ವಾಸನಿ," ಅಂದಳು ಶೈಲಾ.

ಕೆಟ್ಟಿದೆ ಎಂದು ನಾನು ರಿಪೋರ್ಟ್ ಕೊಟ್ಟರೆ ಬಿಯರ್ ಗಟಾರಕ್ಕೆ, ಬ್ರೂವರಿಗೆ ಬೀಗ. ಇನ್ನೊಂದು ಟ್ಯಾಂಕ್ ಹುದುಗಿ ಮುಗಿಯುವ ತನಕ ತಡೆಯುವ ಶಕ್ತಿ ಅವಳಿಗಿರಲಿಲ್ಲ. ಇಬ್ಬರೂ ನನ್ನ ಮಾತಿಗೆ ಒಪ್ಪುತ್ತೇವೆ ಅಂದಿದ್ದರು.

ಫ್ರಿಜ್ಜಿನ ಥಂಡಿ ನಾಲಿಗೆಯನ್ನು ಮರಗಟ್ಟಿಸುತ್ತದೆ, ಅದಕ್ಕೇ ಗ್ಲಾಸನ್ನು ಸ್ವಲ್ಪ ಹೊತ್ತು ಬಿಟ್ಟೆ. ಮಬ್ಬು ಕಂದು ಬಣ್ಣ, ಬಿಸಿಲು ಬಿದ್ದ ಕಡೆ ತಾಮ್ರ. ಮೂಗಿಗೆ ಬಾಳೆಹಣ್ಣು, ಲವಂಗ, ಆಮೇಲೆ ಈಗಷ್ಟೇ ಸುಟ್ಟ ಬ್ರೆಡ್ಡಿನ ಅಂಚು. ಹುಳಿ ಇಲ್ಲ, ಹಳಸಿದ ಬೆಣ್ಣೆಯ ವಾಸನೆ ಇಲ್ಲ. ಬಾಯಲ್ಲಿ ತಿರುಗಿಸಿ, ಜೀವಮಾನದ ಅಭ್ಯಾಸದಂತೆ ಬೇಸಿನ್ನಿಗೆ ಉಗುಳಿದೆ.

"ಫಾಲ್ಟ್ ಇಲ್ಲ. ಆದರೆ ರುಚಿಗೆ ಮುಕ್ತಾಯವೇ ಇಲ್ಲ, ಶೈಲಾ. ಬರೀ ಸಿಹಿ ಗಂಜಿ," ಅಂದೆ.

ಅವಳು ನಕ್ಕೇಬಿಟ್ಟಳು. "ಮಿಸ್, ಬಿಯರ್ ಉಗುಳಂಗಿಲ್ರೀ! ಕಹಿ ಗಂಟಲದಾಗ ತಿಳಿತದ. ನುಂಗ್ರಿ."

"ನಾನಾ? ಧಾರವಾಡದ ಕಾನ್ವೆಂಟಿನ ನನ್ನ ಸಿಸ್ಟರ್‌ಗಳು ಮೇಲಿಂದ ನೋಡ್ತಾ ಇರ್ತಾರೆ."

"ಪೀ ಲೋ ಮ್ಯಾಡಮ್, ಸಿಸ್ಟರ್ ಕೋ ಮೈಂ ಸಮಝಾ ದೂಂಗಾ," ಎಂದು ಸಿಸ್ಟರ್‌ಗಳನ್ನು ಒಪ್ಪಿಸುವ ಹೊಣೆಯನ್ನೂ ಹೊತ್ತ ಪರಾಗ್.

ನಮ್ಮ ಯಜಮಾನರು ಶನಿವಾರ ಸಂಜೆ ಬಿಲ್ಡಿಂಗಿನ ಟೆರೇಸಿನಲ್ಲಿ ಒಂದು ಬಿಯರ್ ಕುಡಿಯುತ್ತಿದ್ದರು. "ಜಸ್ಟ್ ಒನ್ ಸಿಪ್, ಡಿಯರ್" ಎಂದು ಎಷ್ಟೋ ಸಲ ಗ್ಲಾಸ್ ಚಾಚಿದ್ದರು. ನಾನು ಒಣಗಿದ ಬಟ್ಟೆ ಮಡಚುತ್ತಾ ತಲೆಯಾಡಿಸುತ್ತಿದ್ದೆ. ಆ ದಿನ ನುಂಗಿದೆ. ಗಂಜಿಯಂಥ ಸಿಹಿ ಜಾರಿಹೋಗಿ, ತಳದಿಂದ ಒಂದು ಒಣ ಕಹಿ ನಿಧಾನವಾಗಿ ಎದ್ದು ಬಾಯಿಯನ್ನು ತೊಳೆದಿಟ್ಟಿತು. ಇನ್ನೊಂದು ಗುಟುಕು ಬೇಕೆನ್ನಿಸಿತು. ತೆಗೆದುಕೊಂಡೆ. ಪರೀಕ್ಷೆಗಲ್ಲ.

"ಕೆಟ್ಟಿಲ್ಲ. ಇದು ಇರಬೇಕಾದದ್ದೇ ಹೀಗೆ," ಅಂದೆ.

"ಬಿಕೇಗಾ ಕ್ಯಾ?" ಪರಾಗ್‌ಗೆ ಮಾರಾಟದ್ದೇ ಚಿಂತೆ.

"ದಟ್ ಈಸ್ ನಾಟ್ ಮೈ ಡಿಪಾರ್ಟ್‌ಮೆಂಟ್, ಪರಾಗ್."

ಗೊಣಗುತ್ತಲೇ ಕೊಂಡ. ಅಪರಿಚಿತ ರುಚಿಗೂ ಕೆಟ್ಟ ರುಚಿಗೂ ನಡುವೆ ಒಂದು ಗುಟುಕಿನ ಅಂತರ ಇರುತ್ತದೆ. ಅಷ್ಟು ವರ್ಷ ಟ್ರೈನಿಗಳಿಗೆ ಪಾಠ ಹೇಳಿದವಳು ಅದನ್ನು ಕಲಿತದ್ದು ರಿಟೈರ್ ಆದ ಮೇಲೆ.

ಶೈಲಾಳನ್ನು ಕೊನೆಯ ಸಲ ನೋಡಿದ್ದು ಪರೇಲ್‌ನ ಆ ಪಬ್ಬಿನಲ್ಲಿ, ಆ ಬಿಯರ್ ಖಾಲಿಯಾದ ಸಂಜೆ. "ಆಧೇ ಲೋಗ್ ಗ್ಲಾಸ್ ಛೋಡ್ ಕೇ ಗಯೇ," ಅರ್ಧ ಜನ ಗ್ಲಾಸ್ ಖಾಲಿ ಮಾಡದೆ ಹೋದರೆಂದು ಪರಾಗ್ ನನ್ನ ಹತ್ತಿರ ದೂರಿದ. ಆಮೇಲೆ ದನಿ ತಗ್ಗಿಸಿ, "ಬಾಕಿಯವರು ನಾಳೆಗೂ ಇದೆಯಾ ಕೇಳ್ತಿದಾರೆ. ಕ್ಯಾ ಬೋಲೂಂ?" ಅಂದ. ನಾನು ಕೌಂಟರಿನತ್ತ ತಿರುಗಿದೆ. ಕೊನೆಯ ಅರ್ಧ ಗ್ಲಾಸನ್ನು ತಾನೇ ಹಿಡಿದು, ವಾಸನೆ ನೋಡದೆ, ಬೆಳಕಿಗೆ ಎತ್ತಿ ಬಣ್ಣ ನೋಡದೆ, ಶೈಲಾ ಸುಮ್ಮನೆ ಕುಡಿಯುತ್ತಿದ್ದಳು.